ಚುಕ್ಕೆ ಮಾತ್ರ ಇಟ್ಟಿದ್ದೇನೆ

ಕುಸುಮಾ,

ಹೂವು ತರಲು ಮಾರ್ಕೆಟ್ಟಿಗೆ ಹೊರಟೆ. ಬೆಳಗಿನ ಜಾವಕ್ಕೆ ನಿನಗೆ ಕಣ್ಣು ಹತ್ತಿತು, ಎಬ್ಬಿಸಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ಇದೆ. ಒಂದು ಇಡ್ಲಿಯಾದರೂ ತಿಂದು ಮಾತ್ರೆ ತಗೋ. ಗುಣ ಕಾಣಲಿಲ್ಲ ಅಂತ ಬಿಡಬೇಡ. ಖಿನ್ನತೆಯ ಔಷಧಿ ನಿಧಾನಕ್ಕೆ ಹಿಡಿಯುತ್ತೆ ಅಂತ ಡಾಕ್ಟರಮ್ಮ ಹೇಳಿದ್ದಾರಲ್ಲ.

ರಾತ್ರಿ ನಿನ್ನ ಗಂಡ, "ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸರಿಹೋಗ್ತಾಳಮ್ಮ" ಅಂದ. "ನಿನ್ನ ಶುಗರ್‌ಗೂ ಮನಸ್ಸು ಗಟ್ಟಿ ಮಾಡ್ಕೊಳೋ, ಮಾತ್ರೆ ಯಾಕೆ ನುಂಗ್ತೀಯ?" ಅಂದೆ. ಇವತ್ತು ಆಸ್ಪತ್ರೆಗೆ ತಾನೂ ಬರುತ್ತಾನಂತೆ.

ಬಾಗಿಲಿಗೆ ನೀರು ಹಾಕಿ, ರಂಗೋಲಿಗೆ ಚುಕ್ಕೆ ಮಾತ್ರ ಇಟ್ಟಿದ್ದೇನೆ. ಬೀದಿಯೆಲ್ಲ ಮಂಜು. ನಕ್ಷತ್ರಗಳು ಇಳಿದು ಬಂದು ನಮ್ಮ ಹೊಸಿಲ ಮುಂದೆ ಕೂತ ಹಾಗಿದೆ. ಮೊದಲಿನಂತೆ ನೀನು ಎದ್ದು ಗೆರೆ ಎಳೆಯಲೇಬೇಕು ಅಂತಲ್ಲ. ನಾನು ಓದು ಕಲಿತ ರಾತ್ರಿ ಶಾಲೆಯಲ್ಲಿ ಮೇಷ್ಟ್ರು ನನಗೂ ಹೀಗೇ ಚುಕ್ಕೆಯಲ್ಲಿ ಅಕ್ಷರ ಬರೆದುಕೊಡೋರು. ಕೈ ಓಡದ ದಿನ ಸುಮ್ಮನೆ ನೋಡುತ್ತಾ ಕೂತಿರುತ್ತಿದ್ದೆ. ಅವರು ಅಳಿಸುತ್ತಿರಲಿಲ್ಲ.

"ನಾನು ಬರಲ್ಲ ಅತ್ತೆ" ಅಂದಿದ್ದೀಯ, ಮರೆತಿಲ್ಲ. ಆದರೂ ಹತ್ತಕ್ಕೆ ಆಟೋ ತರುತ್ತೇನೆ, ನಿನಗೆ ಸಂಪಿಗೆಯನ್ನೂ. ತಲೆ ಬಾಚದಿದ್ದರೂ ಸರಿ, ಚುಕ್ಕೆ ತುಳಿದು ಅಳಿಸಿದರೂ ಸರಿ. ಹೊಸಿಲು ದಾಟಿ ಬಾ, ಅಷ್ಟು ಸಾಕು. ನಾಳೆ ಮತ್ತೆ ಇಡುತ್ತೇನೆ.

ಅತ್ತೆ