ಹೋದ ವರ್ಷದ ಹಾಜರಿ

ದೂರಶಿಕ್ಷಣ ಶಾಲೆಗಳ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ಮಗಳು ಈ ವರ್ಷ ತನ್ನ ಶಾಲೆಯಲ್ಲಿ ಒಂದೇ ಒಂದು ಮಾತು ಆಡಿಲ್ಲ. ಆದರೂ ತಮ್ಮ ಇಲಾಖೆಯ ಪ್ರಕಾರ ಅವಳು ಪ್ರತಿದಿನ ಹಾಜರಿದ್ದಾಳೆ, ಪ್ರಶ್ನೆಗಳಿಗೆ ಉತ್ತರಿಸಿದ್ದಾಳೆ, ಚರ್ಚೆಯಲ್ಲಿ ಭಾಗವಹಿಸಿದ್ದಾಳೆ. ಎರಡೂ ನಿಜ. ಏಕೆಂದರೆ ತಾವು ಈ ವರ್ಷ ಪ್ರಸಾರ ಮಾಡುತ್ತಿರುವುದು ಹೋದ ವರ್ಷದ ತರಗತಿಗಳ ಧ್ವನಿಮುದ್ರಣ. ಹೋದ ವರ್ಷದ ಮೇಷ್ಟ್ರು ಹೋದ ವರ್ಷದ ಹಾಜರಿ ಕೂಗುತ್ತಾರೆ, ಹೋದ ವರ್ಷದ ನನ್ನ ಮಗಳು ಓಗೊಡುತ್ತಾಳೆ. ಈ ವರ್ಷದ ಮಗಳು ಪೆಟ್ಟಿಗೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಾಳೆ. ಇದನ್ನು ನಿಲ್ಲಿಸಿ, ಮಕ್ಕಳಿಗೆ ಮಾತಾಡುವ ಅವಕಾಶ ವಾಪಸ್ಸು ಕೊಡಿ ಎಂದು ಕೇಳಲು ಈ ಪತ್ರ. ಕೊಡುತ್ತೀರೆಂಬ ಭ್ರಮೆ ನನಗಿಲ್ಲ. ತಮ್ಮ ಕಚೇರಿಗೆ ಬರೆದ ಪತ್ರಗಳಿಗೆ ಬಂದ ಉತ್ತರಗಳನ್ನು ಓದಿದ ಮೇಲೆ ಭ್ರಮೆ ಇಟ್ಟುಕೊಳ್ಳುವುದು ಸುಲಭವಲ್ಲ. ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದರೆ ತಮಗೆ ಸ್ವಲ್ಪ ಮುಜುಗರವಾದರೂ ಆದೀತೆಂದು ಪತ್ರಿಕೆಯ ಮೊರೆ ಹೋಗಿದ್ದೇನೆ.

ನಾವು ಯಾರೆಂದು ಮೊದಲು ಹೇಳಬೇಕು. ನನ್ನ ಗಂಡ ಜಲಾಶಯವೊಂದರ ಗೇಟು ಕಾಯುವವರು. ಮೇಲಿನಿಂದ ಆದೇಶ ಬಂದಾಗ ಗೇಟು ಎತ್ತುವುದು, ಇಳಿಸುವುದು, ನೀರಿನ ಮಟ್ಟ ನೋಡಿ ತಿಳಿಸುವುದು ಅವರ ಕೆಲಸ. ಅಣೆಕಟ್ಟಿನ ಪಕ್ಕದಲ್ಲಿ ಇರುವುದೇ ಒಂದು ಮನೆ, ಅದು ನಮ್ಮದು. ಹತ್ತಿರದ ಶಾಲೆಗೆ ಹೋಗಬೇಕೆಂದರೆ ಜೀಪು ಬೇಕು. ಜೀಪು ಬರುವುದು ತಿಂಗಳಿಗೊಮ್ಮೆ, ಸಾಮಾನು ಹೊತ್ತುಕೊಂಡು. ಮೊಬೈಲು ನಮ್ಮಲ್ಲಿ ಗಡಿಯಾರದ ಕೆಲಸವನ್ನು ಮಾತ್ರ ಚೆನ್ನಾಗಿ ಮಾಡುತ್ತದೆ. ಇಂಥ ಜಾಗಗಳಲ್ಲಿ ಬೆಳೆಯುವ ಮಕ್ಕಳಿಗಾಗಿಯೇ ತಮ್ಮ ಇಲಾಖೆ ರೇಡಿಯೊ ಶಾಲೆ ತೆರೆಯಿತು. ಅದಕ್ಕೆ ನಾನು ಇಂದಿಗೂ ಋಣಿ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ.

ಅಡುಗೆಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದಕ್ಕೊಂದು ಸುರುಳಿ ವೈರಿನ ಮೈಕು, ಮೈಕಿಗೊಂದು ಗುಂಡಿ. ಗುಂಡಿ ಒತ್ತಿದರೆ ನಮ್ಮ ಮಾತು ತಮ್ಮ ಕೇಂದ್ರಕ್ಕೆ ಹೋಗಿ ಅಲ್ಲಿಂದ ಎಲ್ಲರ ಮನೆಗೂ ಹೋಗುತ್ತದೆ, ಬಿಟ್ಟರೆ ಬೇರೆಯವರ ಮಾತು ಬರುತ್ತದೆ. ಒಬ್ಬರು ಒತ್ತಿರುವಾಗ ಇನ್ನೊಬ್ಬರು ಒತ್ತಿದರೆ ಇಬ್ಬರ ಮಾತೂ ಹಾಳು. ಆದ್ದರಿಂದ ಹೇಳುವುದು ಮುಗಿದ ಕೂಡಲೇ ‘ಇಷ್ಟೇ’ ಎಂದು ಗುಂಡಿ ಬಿಡಬೇಕು. ಆ ಶಾಲೆಯ ಮೊದಲ ಪಾಠವೇ ಅದು. ನನ್ನ ಮಗಳು ಮನೆಯಲ್ಲೂ ಹಾಗೇ ಮಾತಾಡುತ್ತಿದ್ದಳು. “ಅಮ್ಮ, ಹೊಟ್ಟೆ ಹಸೀತಿದೆ, ಇಷ್ಟೇ” ಎನ್ನುವಳು. ಬೈದರೆ ನಾನು ಬೈದು ಮುಗಿಸುವವರೆಗೂ ಕಾದು, “ಮುಗೀತಾ? ನಾನು ಹೇಳ್ಲಾ?” ಎಂದು ಕೇಳುವಳು. ಅವಳ ಅಪ್ಪನಿಗೆ ಈ ಪದ್ಧತಿ ಬಹಳ ಹಿಡಿಸಿತ್ತು. ನನಗೂ ಕಲಿಸಲು ನೋಡಿದರು. ಆಗಲಿಲ್ಲ.

ತರಗತಿಯಲ್ಲಿ ಮಕ್ಕಳಿಗೆ ಅವರವರು ಇರುವ ಜಾಗದ ಹೆಸರೇ ಹೆಸರು. ನನ್ನ ಮಗಳು ‘ಗೇಟು’. ಸಮುದ್ರದ ನಡುವಿನ ಬಂಡೆಯ ಮೇಲೆ ಲೈಟ್‌ಹೌಸ್ ನೋಡಿಕೊಳ್ಳುವವರ ಮಗಳು ‘ಲೈಟು’. ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಇಡುವವರ ಮಗ ‘ಕ್ವಾರಿ’. ಹೀಗೆ ಇನ್ನೂ ಹಲವರು, ಒಬ್ಬರಿಂದ ಒಬ್ಬರು ದಿನಗಟ್ಟಲೆ ದೂರ. ಹಾಜರಿಯಾದ ಮೇಲೆ ಪ್ರತಿಯೊಬ್ಬರೂ ತಮ್ಮ ಕಿಟಕಿಯಿಂದ ಏನು ಕಾಣುತ್ತಿದೆಯೆಂದು ಒಂದು ಮಾತು ಹೇಳಬೇಕು, ಅದು ಮೇಷ್ಟ್ರು ಹಾಕಿದ ನಿಯಮ. ಲೈಟಿನವಳು ಹಡಗು ಹೇಳುವಳು, ಕ್ವಾರಿಯವನು ಧೂಳು ಹೇಳುವನು, ನಮ್ಮವಳು ನೀರು ಹೇಳುವಳು. ದಿನವೂ ನೀರೇ. ಆದರೂ ಒಂದು ದಿನದ ಹಾಗೆ ಇನ್ನೊಂದು ದಿನ ಹೇಳಬಾರದೆಂದು ಹಠ ಹಿಡಿದು, ಬೆಳಗ್ಗೆ ಎದ್ದ ಕೂಡಲೇ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ತಮ್ಮ ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ಪಠ್ಯೇತರ ಕಾಲಹರಣ’ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಹೋದ ವರ್ಷ ಈ ಮಕ್ಕಳನ್ನೆಲ್ಲ ಮೊದಲ ಬಾರಿಗೆ ಒಂದು ಕಡೆ ಸೇರಿಸಿದಿರಿ. ಪಟ್ಟಣದ ಒಂದು ಹಾಸ್ಟೆಲಿನಲ್ಲಿ ಎರಡು ದಿನದ ಶಿಬಿರ. ನಾನೂ ಹೋಗಿದ್ದೆ. ನಡೆದದ್ದು ವಿಚಿತ್ರ. ವರ್ಷಗಟ್ಟಲೆ ದಿನವೂ ಮಾತಾಡಿದ ಮಕ್ಕಳು ಎದುರಾಬದುರಾ ನಿಂತು ಬಾಯಿ ಬಿಡಲಿಲ್ಲ. ಯಾರಿಗೆ ಯಾರ ಮುಖವೂ ಗೊತ್ತಿಲ್ಲ. ನನ್ನ ಮಗಳು ನನ್ನ ಸೆರಗು ಹಿಡಿದವಳು ಬಿಡಲೇ ಇಲ್ಲ; ಬಲಗೈ ಹೆಬ್ಬೆರಳು ಮಾತ್ರ ಗಾಳಿಯಲ್ಲಿ ಗುಂಡಿ ಒತ್ತುತ್ತಿತ್ತು. ಮೇಷ್ಟ್ರು ಇದನ್ನು ಸ್ವಲ್ಪ ಹೊತ್ತು ನೋಡಿ, “ಎಲ್ರೂ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ” ಎಂದರು. ಮಕ್ಕಳು ತಿರುಗಿದರು. ಮೇಷ್ಟ್ರು ಹಾಜರಿ ಕೂಗತೊಡಗಿದರು. ಗೇಟು? ಲೈಟು? ಕ್ವಾರಿ? ಒಂದೊಂದೇ ದನಿ ಗೋಡೆಗೆ ಬಡಿದು ಬಂತು. ಹಾಜರಿ ಮುಗಿಯುವುದರೊಳಗೆ ಮಕ್ಕಳು ತಿರುಗಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅವತ್ತು ನನ್ನ ಮಗಳು ಲೈಟಿನವಳ ಕೈ ಹಿಡಿದವಳು ಊಟಕ್ಕೂ ಬಿಡಲಿಲ್ಲ.

ಮಕ್ಕಳು ಗೋಡೆಗೆ ಮುಖ ಮಾಡಿ ನಿಂತಿದ್ದ ಆ ಐದು ನಿಮಿಷದಲ್ಲೇ ತಮ್ಮ ಕಚೇರಿಯ ಪರಿವೀಕ್ಷಕರು ಬಾಗಿಲಲ್ಲಿ ಇಣುಕಿ ಹೋದರು. ಒಳಗೆ ಬರಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಅವರ ವರದಿಯ ಸಾರಾಂಶವನ್ನು, ಈ ವರ್ಷದ ಶಾಲೆ ಶುರುವಾಗಿ ಎಷ್ಟೋ ದಿನಗಳಾದ ಮೇಲೆ, ಪೋಷಕರಿಗೆಲ್ಲ ಕಳಿಸಿದಿರಿ. ‘ಮಕ್ಕಳಲ್ಲಿ ಪರಸ್ಪರ ಬೆರೆಯುವ ಸಾಮರ್ಥ್ಯ ಕಂಡುಬಂದಿಲ್ಲ. ಶಿಕ್ಷೆಯ ವಾತಾವರಣವಿದೆ. ನೇರ ಸಂವಾದದಿಂದ ಸಾಮಾಜಿಕ ಪ್ರಯೋಜನವಾಗುತ್ತಿಲ್ಲ.’ ಸ್ವಾಮಿ, ಬಾಗಿಲಲ್ಲಿ ಇನ್ನೆರಡು ನಿಮಿಷ ನಿಲ್ಲಲು ಅವರಿಗೆ ಯಾವ ನಿಯಮ ಅಡ್ಡ ಬಂತು? ಒಂದು ಮಗುವನ್ನು ಕರೆದು “ಯಾಕಪ್ಪ ಹೀಗೆ ನಿಂತಿದ್ದೀಯ” ಎಂದು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನೇರ ತರಗತಿ ನಿಂತದ್ದು ಆ ವರದಿಯ ಆಧಾರದ ಮೇಲೆ. ಒಂದು ಶಾಲೆಯ ಹಣೆಬರಹವನ್ನು ಬಾಗಿಲ ಸಂದಿಯಿಂದ ಬರೆದ ಕೀರ್ತಿ ತಮ್ಮ ಇಲಾಖೆಗೆ ಸಲ್ಲಬೇಕು.

ಶಾಲೆಯ ಹೊಸ ವರ್ಷದ ಮೊದಲ ದಿನ ನಮಗೆ ಇದ್ಯಾವುದೂ ತಿಳಿದಿರಲಿಲ್ಲ. ಮಗಳು ತಲೆ ಬಾಚಿಕೊಂಡು, ಮೈಕು ಒರೆಸಿ, ಕಿಟಕಿಯಲ್ಲಿ ನೋಡಿದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂತಿದ್ದಳು. ಹೋದ ವರ್ಷ ಅವಳಿದ್ದ ನಾಲ್ಕನೇ ತರಗತಿಗೂ ಈ ವರ್ಷದ ಐದನೆಯದಕ್ಕೂ ಒಂದೇ ಪಾಠವಾದ್ದರಿಂದ ಮೇಷ್ಟ್ರ ದನಿ ಬಂದಾಗ ಏನೂ ಅನುಮಾನ ಬರಲಿಲ್ಲ. ಹಾಜರಿ ಶುರುವಾಯಿತು. ಲೈಟಿನವಳು “ಎಸ್ ಸಾರ್” ಎಂದಳು. ಮಗಳು ಹುಬ್ಬು ಗಂಟಿಕ್ಕಿದಳು. “ಅಮ್ಮ, ಅವಳು ಯಾಕೆ ಇನ್ನೂ ಸೀಟಿ ಹೊಡೀತಾಳೆ? ಮುಂದಿನ ಹಲ್ಲು ಬಂದಾಯ್ತಲ್ಲ.” ಹಲ್ಲು ಬಿದ್ದಾಗ ಆ ಹುಡುಗಿಯ ಮಾತಿನಲ್ಲಿ ಸೀಟಿ ಸೇರಿಕೊಂಡದ್ದು, ಹೊಸ ಹಲ್ಲು ಬಂದ ಹಾಗೆ ಸೀಟಿ ಸಣ್ಣದಾಗಿ ವರ್ಷದ ಕೊನೆಗೆ ಪೂರ್ತಿ ನಿಂತದ್ದು, ಇಷ್ಟನ್ನೂ ನನ್ನ ಮಗಳು ಈ ಮೇಜಿನ ಮುಂದೆ ಕೂತು ಕೇಳಿದ್ದಳು. ಬಂದ ಹಲ್ಲು ಮತ್ತೆ ಹೇಗೆ ಹೋಯಿತು? ಅಷ್ಟರಲ್ಲಿ ಮೇಷ್ಟ್ರು “ಗೇಟು?” ಎಂದರು. ಇವಳು ಗುಂಡಿ ಒತ್ತಲು ಹೆಬ್ಬೆರಳು ಚಾಚಿದಳು. ಅದಕ್ಕೆ ಮೊದಲೇ ಪೆಟ್ಟಿಗೆಯೊಳಗಿಂದ ಇವಳದೇ ದನಿ, “ಎಸ್ ಸಾರ್” ಎಂದಿತು.

ಅವಳು ಹೆದರಲಿಲ್ಲ, ಅಳಲಿಲ್ಲ. ಮೈಕು ಕೆಟ್ಟಿದೆಯೆಂದುಕೊಂಡಳು. ಎಷ್ಟೋ ದಿನ ಹಾಗೇ ಅಂದುಕೊಂಡು, ಪಾಠ ಮುಗಿದ ಮೇಲೂ ಗುಂಡಿ ಒತ್ತಿ, “ಲೈಟು, ಕೇಳಿಸ್ತಿದ್ಯಾ? ಇಷ್ಟೇ” ಎಂದು ಕರೆದು, ಬಿಟ್ಟು, ಕಾಯುತ್ತಿದ್ದಳು. ಅತ್ತ ಯಾವುದೋ ಬಂಡೆಯ ಮೇಲೆ ಆ ಹುಡುಗಿಯೂ ಹೀಗೇ ಗುಂಡಿ ಒತ್ತಿ ಇವಳನ್ನು ಕರೆಯುತ್ತಿದ್ದಳೋ ಏನೋ. ಅದು ನೆನಪಾದರೆ ಇಂದಿಗೂ ನನಗೆ ಕೈಯಲ್ಲಿದ್ದ ಕೆಲಸ ಮುಂದೆ ಹೋಗುವುದಿಲ್ಲ.

ಧ್ವನಿಮುದ್ರಣವನ್ನು ತಾವು ಹಾಗೇ ಹಾಕಿದ್ದರೂ ಒಂದು ಮಾತಾಗುತ್ತಿತ್ತು. ಸಮಯ ಉಳಿಸಲು ಕತ್ತರಿ ಆಡಿಸಿದ್ದೀರಿ. ಕಿಟಕಿಯ ಮಾತು ಹೋಯಿತು, ನಗು ಹೋಯಿತು. ಉಳಿದದ್ದು ಪ್ರಶ್ನೆ ಮತ್ತು ಉತ್ತರ. ಹೋದ ವರ್ಷ ಒಂದು ದಿನ ಮೇಷ್ಟ್ರು, ಮೂರರಲ್ಲೊಂದು ಭಾಗ ದೊಡ್ಡದೋ ನಾಲ್ಕರಲ್ಲೊಂದು ಭಾಗ ದೊಡ್ಡದೋ ಎಂದು ಕೇಳಿದ್ದರು. ನನ್ನ ಮಗಳು ಗಬಕ್ಕನೆ ಗುಂಡಿ ಒತ್ತಿ, “ನಾಲ್ಕೇ ದೊಡ್ಡದಲ್ವಾ ಸಾರ್, ನಾಲ್ಕರಲ್ಲೊಂದು, ಇಷ್ಟೇ” ಎಂದಿದ್ದಳು. ಆಗ ಕ್ವಾರಿಯವನು, “ಸಾರ್, ನಾನೂ ಅದನ್ನೇ ಹೇಳೋನಿದ್ದೆ. ಅವಳು ಮೊದ್ಲು ಒತ್ತಿ ನನ್ನ ಮಾನ ಉಳಿಸಿದ್ಲು, ಇಷ್ಟೇ” ಎಂದ. ಎಲ್ಲರೂ ನಕ್ಕರು, ಇವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಮರುದಿನ ಸರಿ ಉತ್ತರ ಹೇಳಿ ಶಾಭಾಸ್ ಎನಿಸಿಕೊಂಡಳು. ತಮ್ಮ ಕತ್ತರಿಗೆ ಕ್ವಾರಿಯವನ ಮಾತು ಅನಗತ್ಯವಾಗಿ ಕಂಡಿತು, ಮರುದಿನದ ಶಾಭಾಸ್ ಪುನರಾವರ್ತನೆಯಾಗಿ ಕಂಡಿತು. ತಪ್ಪು ಉತ್ತರ ಮಾತ್ರ ಉಳಿಯಿತು, ಮೇಷ್ಟ್ರ ವಿವರಣೆಗೆ ಅದು ಬೇಕಲ್ಲ. ಆ ಪಾಠವನ್ನು ಪುನರ್ಮನನಕ್ಕೆಂದು ಮತ್ತೆ ಮತ್ತೆ ಹಾಕುತ್ತೀರಿ. ನನ್ನ ಮಗಳು ಮತ್ತೆ ಮತ್ತೆ ಎಲ್ಲರ ಮನೆಯಲ್ಲೂ ತಪ್ಪು ಹೇಳುತ್ತಾಳೆ, ಯಾರೂ ನಗುವುದಿಲ್ಲ.

“ಅಮ್ಮ, ನಂಗೀಗ ಅದು ಬರತ್ತೆ ಅಂತ ಅವ್ರಿಗೆಲ್ಲ ಹೇಗೆ ಗೊತ್ತಾಗತ್ತೆ?” ಎಂದು ಕೇಳಿದಳು. ಇದಕ್ಕೆ ಉತ್ತರ ತಮ್ಮ ಇಲಾಖೆಯ ಯಾವ ವಿಭಾಗದಲ್ಲಿ ಸಿಗುತ್ತದೆ, ದಯವಿಟ್ಟು ತಿಳಿಸಿ.

ಜೀಪಿನಲ್ಲಿ ಪಟ್ಟಣಕ್ಕೆ ಹೋಗಿ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಆ ಹೆಣ್ಣುಮಗಳು ಬಹಳ ಮರ್ಯಾದೆಯಿಂದಲೇ ಮಾತಾಡಿದಳು. “ಮೇಡಂ, ನಿಮ್ಮ ಮಗಳ ಪಾಲ್ಗೊಳ್ಳುವಿಕೆ ತುಂಬಾ ಚೆನ್ನಾಗಿದೆ. ಒಂದು ದಿನಾನೂ ತಪ್ಪಿಸಿಲ್ಲ.”

“ಅದು ಹೋದ ವರ್ಷದ್ದಮ್ಮ” ಎಂದೆ.

“ನಮ್ಮಲ್ಲಿ ಈ ವರ್ಷದ್ದು ಅಂತಾನೇ ತೋರಿಸ್ತಿದೆ ಮೇಡಂ.”

ಹಾಗಾದರೆ ಲೈಟ್‌ಹೌಸಿನವರ ವಿಳಾಸವಾದರೂ ಕೊಡಿ, ಕಾಗದ ಬರೆದುಕೊಳ್ಳುತ್ತಾರೆ ಎಂದೆ. ವಿದ್ಯಾರ್ಥಿಗಳ ಗೋಪ್ಯತೆ ಕಾಪಾಡುವುದು ಇಲಾಖೆಯ ಧ್ಯೇಯವಂತೆ. ಮಗಳ ದನಿಯನ್ನು ಅವಳನ್ನು ಕೇಳದೆ ವರ್ಷವಿಡೀ ಬಿತ್ತರಿಸುವವರ ಬಾಯಲ್ಲಿ ಈ ಮಾತು. ಮೇಷ್ಟ್ರು ಎಲ್ಲಿ ಎಂದರೆ ವರ್ಗವಾಗಿದೆ. ಎಲ್ಲಿಗೆ ಎಂದರೆ ಹೇಳುವಂತಿಲ್ಲ. ಶಿಬಿರ ಯಾವಾಗ ಎಂದರೆ, ಅದರ ಅಗತ್ಯ ಕಂಡುಬಂದಿಲ್ಲ. ಕೊನೆಗೆ ನನ್ನ ಸಮಸ್ಯೆ ಪರಿಹಾರವಾಯಿತೇ ಎಂದು ಕೇಳಿ, ನಾನು ಉತ್ತರಿಸುವ ಮೊದಲೇ ಧನ್ಯವಾದ ಹೇಳಿದಳು.

ಮುಂದಿನ ತಿಂಗಳ ಜೀಪಿನಲ್ಲಿ ತಮ್ಮ ಇಲಾಖೆಯ ಮೆಕ್ಯಾನಿಕ್ ಬಂದ. ‘ಬಳಕೆಯಲ್ಲಿಲ್ಲದ ಉಪಕರಣ’ಗಳನ್ನು ವಾಪಸ್ಸು ಪಡೆಯುವ ಯೋಜನೆಯಂತೆ. ಮೈಕು ಬಿಚ್ಚತೊಡಗಿದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. “ಅಕ್ಕ, ನನ್ನನ್ನ ಬೈದು ಏನ್ ಬಂತು? ಬಿಚ್ಕೊಂಡು ಬಾ ಅಂದ್ರು, ಬಂದೆ” ಎಂದು ಅವನು ತಲೆ ತಗ್ಗಿಸಿಕೊಂಡೇ ಸ್ಕ್ರೂ ತಿರುಗಿಸಿದ. ಮಗಳು ಪಕ್ಕದಲ್ಲಿ ನಿಂತು ನೋಡಿದಳು. “ಲೈಟಿನವಳ ಮನೇದೂ ತಗೊಂಡ್ರಾ?” ಎಂದು ಒಂದೇ ಮಾತು ಕೇಳಿದಳು. “ಎಲ್ಲರದ್ದೂ ಪುಟ್ಟಿ” ಎಂದ ಅವನು. ಅವಳು ಒಳಗೆ ಹೋಗಿ ಮಲಗಿದಳು, ಆಗಿನ್ನೂ ಬೆಳಗಿನ ಬಿಸಿಲು.

ಈಗ ಅವಳು ಒಳ್ಳೆಯ ವಿದ್ಯಾರ್ಥಿನಿ. ಸಮಯಕ್ಕೆ ಸರಿಯಾಗಿ ಪೆಟ್ಟಿಗೆ ಹಾಕುತ್ತಾಳೆ, ಸಮಯಕ್ಕೆ ಸರಿಯಾಗಿ ಆರಿಸುತ್ತಾಳೆ. ಕಿಟಕಿಯ ಕಡೆ ಹೋಗುವುದಿಲ್ಲ. ನಮ್ಮೊಂದಿಗೂ ಹೂಂ, ಉಹೂಂ ಬಿಟ್ಟರೆ ಮಾತು ಕಡಿಮೆ. ಅವಳ ಅಪ್ಪ ಗೇಟಿನ ಮೇಲೆ ಕರೆದುಕೊಂಡು ಹೋಗಿ ಇಲ್ಲದ ತಮಾಷೆ ಮಾಡುತ್ತಾರೆ. ಅವರ ಮನಸ್ಸು ನೋಯಬಾರದೆಂದು ನಗುತ್ತಾಳೆ, ಅದನ್ನು ನೋಡಲಾಗುವುದಿಲ್ಲ. ಮೊನ್ನೆ ಆ ಭಾಗಗಳ ಪಾಠ ಮತ್ತೆ ಬಂತು. ಪೆಟ್ಟಿಗೆಯೊಳಗಿನ ದನಿಯ ಜೊತೆಜೊತೆಗೇ ಇವಳೂ ಮೆಲ್ಲಗೆ, “ನಾಲ್ಕರಲ್ಲೊಂದು” ಎಂದಳು. “ಸರಿ ಉತ್ತರ ನಿಂಗೊತ್ತಲ್ಲೇ” ಎಂದೆ. “ಗೊತ್ತು. ಆದ್ರೆ ಅಲ್ಲಿ ಹೇಳೋದು ಇದೇ” ಎಂದಳು.

ನಾನು ಈ ಪತ್ರ ಬರೆಯಲು ಕೂತದ್ದು ಅವತ್ತು. “ಬರೆದು ಏನಾಗ್ಬೇಕಿದೆ? ನಾನು ಗೇಟು ಎತ್ತೋಕೂ ಮೇಲಿಂದ ಆರ್ಡರ್ ಬರ್ಬೇಕು. ಅವ್ರಿಗೂ ಅವರ ಮೇಲಿಂದ ಬರ್ಬೇಕು” ಎಂದರು ನನ್ನ ಗಂಡ. ಅವರ ಮಾತು ಸುಳ್ಳಾಗುವ ಲಕ್ಷಣ ನನಗೂ ಕಾಣುತ್ತಿಲ್ಲ. ಸಮಿತಿ ರಚನೆಯಾಗುತ್ತದೆ, ಸಮಿತಿಗೆ ಉಪಸಮಿತಿ ಹುಟ್ಟುತ್ತದೆ, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಈ ಮಕ್ಕಳು ದೊಡ್ಡವರಾಗಿರುತ್ತಾರೆ. ಕ್ವಾರಿಯವನ ಗಂಟಲು ಒಡೆಯುವ ವಯಸ್ಸು ದೂರವಿಲ್ಲ. ಹುಡುಗಿಯರ ದನಿಯೂ ಹೀಗೇ ಇರುವುದಿಲ್ಲ. ಮುಖ ನೋಡಿದ್ದು ಎರಡು ದಿನ. ಅವರಿಗೆ ಒಬ್ಬರಿಗೊಬ್ಬರ ಗುರುತು ಎಂದಿದ್ದರೆ ಅದು ದನಿಯೊಂದೇ. ಅದೂ ಬದಲಾದ ಮೇಲೆ ಯಾವುದೋ ಊರಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ, ಮಾತಾಡಿದರೂ, ಇವಳಿಗೆ ಅವಳು ಯಾರೋ, ಅವಳಿಗೆ ಇವಳು ಯಾರೋ.

ಆದ್ದರಿಂದ ನೇರ ತರಗತಿ ಮತ್ತೆ ಶುರುಮಾಡಿ ಎಂಬ ಬೇಡಿಕೆಯನ್ನು ಇಲ್ಲೇ ಕೈಬಿಡುತ್ತಿದ್ದೇನೆ. ತಾವು ಕೊಡಬಹುದಾದಷ್ಟು ಚಿಕ್ಕದನ್ನು ಕೇಳುತ್ತೇನೆ. ಹೋದ ವರ್ಷ ರಜೆಗೆ ಬಿಟ್ಟ ದಿನ ಅದೇ ಕೊನೆಯ ತರಗತಿಯೆಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ರಜೆ ಮುಗಿದ ಮೇಲೆ ಸಿಗೋಣ ಎಂದುಕೊಂಡು ಗುಂಡಿ ಬಿಟ್ಟವರು ಅವರು. ಬಿಚ್ಚಿಕೊಂಡು ಹೋದ ಮೈಕುಗಳು ತಮ್ಮ ಉಗ್ರಾಣದಲ್ಲಿ ಎಲ್ಲೋ ಬಿದ್ದಿರುತ್ತವೆ. ಒಂದು ದಿನದ ಮಟ್ಟಿಗೆ ಅವನ್ನು ವಾಪಸ್ಸು ಕಳಿಸಿ. ಮೇಷ್ಟ್ರು ಬೇಡ, ಪಾಠ ಬೇಡ, ಹಾಜರಿಯೂ ಬೇಡ. ಒಂದು ಗಂಟೆ ಲೈನು ತೆರೆದಿಡಿ. ಈ ಮಕ್ಕಳು ಒಬ್ಬರಿಗೊಬ್ಬರು ಹೋಗಿಬರುತ್ತೇನೆಂದು ಹೇಳಿಕೊಳ್ಳಲಿ.

ಮತ್ತು ದಯಮಾಡಿ, ಆ ಒಂದು ಗಂಟೆಯನ್ನು ಧ್ವನಿಮುದ್ರಿಸಿಕೊಳ್ಳಬೇಡಿ.

ಇಂತಿ,
ತಮ್ಮ ವಾರ್ಷಿಕ ವರದಿಯಲ್ಲಿ ‘ಸಂಪೂರ್ಣ ತೃಪ್ತರು’ ಎಂಬ ಸಾಲಿನಲ್ಲಿ ಎಣಿಕೆಯಾಗಿರುವ ಒಬ್ಬ ತಾಯಿ