ನಿನ್ನ ಹೆಬ್ಬೆರಳು ತಲುಪಿತು

ಅಚ್ಚುಕೂಟದ ಮಹಡಿ ಮನೆ
ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಕ್ಷೇಮವೇ? ನಿನ್ನ ಬಲಗೈ ಹೆಬ್ಬೆರಳು ಹೇಗಿದೆ? ಪಾಪ, ಮನೆಯವರ ಗ್ರೂಪಿನಲ್ಲಿ ದುಡಿದು ದುಡಿದು ಸವೆದಿರಬೇಕು. ‘ಅಪ್ಪ ಬಚ್ಚಲಲ್ಲಿ ಜಾರಿ ಬಿದ್ರು, ಕಟ್ಟಿಸಿದ ಹಲ್ಲು ಎರಡು ಹೋಳಾಯ್ತು’ ಎಂದು ನಾನು ಬರೆದರೆ ಹೆಬ್ಬೆರಳು ಎತ್ತಿದೆ. ‘ಬೇರೆ ಡಾಕ್ಟರ ಕೈಗೆ ಬಾಯಿ ಕೊಡಲ್ಲ ಅಂತಾರೆ, ಬರೀ ಗಂಜಿ ಕುಡ್ಕೊಂಡು ಸೊರಗ್ತಿದಾರೆ, ಬಾರೋ’ ಎಂದರೆ ಹೂಗುಚ್ಛ ಕಳಿಸಿದೆ. ಹೂವು ಅಗಿಯುವುದಕ್ಕೂ ಹಲ್ಲು ಬೇಕಲ್ಲಪ್ಪಾ, ದಂತವೈದ್ಯ ಮಹಾಶಯ!

ಸಿಟ್ಟು ಬಂದವಳು ಸುಮ್ಮನೆ ಕೂರಬಾರದು, ಏನಾದರೂ ಕಲಿಯಬೇಕು. ದಿನವಿಡೀ ಅಕ್ಷರ ಜೋಡಿಸುವ ನಾನೂ ಎಮೋಜಿ ಕಲಿತೆ. ಕಂಪ್ಯೂಟರಿನಲ್ಲಿ ವಿಂಡೋಸ್ ಗುಂಡಿ ಅದುಮಿಕೊಂಡು ಚುಕ್ಕೆ ಒತ್ತಿದರೆ ಅವುಗಳ ಪೆಟ್ಟಿಗೆಯೇ ತೆರೆದುಕೊಳ್ಳುತ್ತದೆ. ಬೇಕಾದ್ದನ್ನು ಹುಡುಕಿದರೆ ಸಾಲಾಗಿ ಬಂದು ನಿಲ್ಲುತ್ತವೆ, ಕೆಲವು ಒಡಹುಟ್ಟಿದವರ ಹಾಗಲ್ಲ. ಅವು ಚಿತ್ರವಲ್ಲವಂತೆ, ಅಕ್ಷರದ ಕುಲವೇ ಅಂತೆ. ವೆಬ್ ಪುಟದಲ್ಲೂ ಅ, ಆ, ಇ, ಈ ಜೊತೆ ಹಾಯಾಗಿ ಕೂರುತ್ತವೆ. ನಿನ್ನ ಕ್ಲಿನಿಕ್ಕಿನ ವೆಬ್ ಪುಟವನ್ನು ‘ಅಕ್ಕ ಬಿಟ್ಟಿ ನೋಡ್ಕೋತಾಳೆ’ ಎಂದು ನನ್ನ ತಲೆಗೆ ಕಟ್ಟಿದವನು ನೀನೇ ತಾನೆ? ನೋಡಿಕೊಂಡೆ. ‘ನೋವಿಲ್ಲದೆ ಹಲ್ಲು ಕೀಳಲಾಗುವುದು’ ಎಂಬ ಸಾಲಿನ ಪಕ್ಕ ಕಣ್ಣೀರು ಸುರಿಸಿ ಅಳುವ ಮುಖ ಕೂರಿಸಿದ್ದೇನೆ. ನಿನ್ನ ಹೆಸರಿನ ಹಿಂದೆ ಸುತ್ತಿಗೆ, ಮುಂದೆ ಗರಗಸ. ‘ಹಿರಿಯರಿಗೆ ವಿಶೇಷ ಕಾಳಜಿ’ ಎಂಬಲ್ಲಿ ಮಾತ್ರ ಬಹಳ ಯೋಚಿಸಿ, ಬಿದ್ದು ಬಿದ್ದು ನಗುವ ಮುಖ ಇಟ್ಟೆ. ಫೋನಿನಲ್ಲೂ ತೆರೆದು ನೋಡಿದೆ, ಎಲ್ಲ ಲಕ್ಷಣವಾಗಿ ಕಾಣುತ್ತಿವೆ. ‘ಅಕ್ಕಾ, ತಮಾಷೆ ಸಾಕು, ತೆಗಿ. ಪೇಷೆಂಟುಗಳು ನಗ್ತಿದಾರೆ’ ಎಂದು ನಿನ್ನೆ ಬರೆದೆಯಲ್ಲ, ನೀನು ಪೂರಾ ವಾಕ್ಯ ಬರೆದದ್ದು ಕಂಡು ಎರಡೆರಡು ಸಲ ಓದಿದೆ. ಉತ್ತರವಾಗಿ ನಾನೂ ಒಂದು ಹೆಬ್ಬೆರಳು ಎತ್ತಿದೆ. ಹೇಗಿತ್ತು ರುಚಿ?

ನಿನ್ನ ಕೈಗುಣ ಹೆಚ್ಚಲಿ, ಇನ್ನು ಬರುವ ಪೇಷೆಂಟುಗಳೆಲ್ಲ ಇಂಟರ್ನೆಟ್ ಕಾಣದವರೇ ಆಗಿರಲಿ ಎಂದು ಹರಸುವ,

ನಿನ್ನ ಒಬ್ಬಳೇ ಅಕ್ಕ

ಮರೆತಿದ್ದೆ: ನಿನ್ನ ಹೆಬ್ಬೆರಳನ್ನು ಅಪ್ಪನಿಗೂ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಹೆಬ್ಬೆರಳು ಬಂತು, ಸರಿ. ಮಿಕ್ಕ ಮಗ ಯಾವಾಗ ಬರ್ತಾನಂತೆ?’ ಎಂದು ಕೇಳಿದರು. ಒಳಗೆ ಹೋಗಿ ನಿನ್ನ ವೆಬ್ ಪುಟದ ಪಾಸ್‌ವರ್ಡ್ ಬದಲಾಯಿಸಿ ಬಂದೆ. ಹೊಸದನ್ನು ಅಪ್ಪನ ಕಿವಿಯಲ್ಲಿ ಮಾತ್ರ ಹೇಳಿದ್ದೇನೆ. ಫೋನ್ ಮಾಡಿ ಕೇಳಬೇಡ, ಬೊಚ್ಚುಬಾಯಿಯಲ್ಲಿ ಅವರು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ. ಬಂದು ಮೊದಲು ಹಲ್ಲು ಕೂರಿಸು, ಆಮೇಲೆ ಕೇಳಿಕೋ.