ಹನ್ನೊಂದು ಮೂಗುಗಳ ಪ್ರಯೋಗ

ಮಾರ್ಚ್ 25, ಸೋಮವಾರ

ಇವತ್ತೂ ಶಿಶುವಿಹಾರದಲ್ಲಿ ಘನ ರಾಜಕಾರ್ಯ — ತಪ್ಪು ಎಣಿಸುವುದು. ನನ್ನ ರಜೆಯನ್ನು ರಿಹಾಬಕ್ಕ ತನ್ನ ಡಿಪ್ಲೊಮಾ ಪ್ರಬಂಧಕ್ಕೆ ಬಲಿ ಕೊಟ್ಟಿದ್ದಾಳೆ. ನಾಲ್ಕು ವರ್ಷದ ಮಕ್ಕಳಿಗೆ ಮೌಸ್ ಸಲೀಸೋ, ಟಚ್‌ಸ್ಕ್ರೀನ್ ಸಲೀಸೋ? ಪರದೆಯ ಮೀನನ್ನು ಎಳೆದು ಬುಟ್ಟಿಗೆ ಹಾಕಬೇಕು. ನಮ್ಮ ಬಂದರು ಊರು ಸ್ಫಾಕ್ಸ್‌ನ ಮಕ್ಕಳಿಗೆ ಮೀನು ಹೊಸದೇ? ಟಚ್: ಎರಡು ತಪ್ಪು. ಮೌಸ್: ಮೂವತ್ತೊಂದು. ಪುಟಾಣಿ ಯೋಸ್ರ ಮೌಸನ್ನು ಮೇಜಿನ ಅಂಚಿನವರೆಗೂ ತಳ್ಳಿ, "ರಸ್ತೆ ಮುಗೀತು!" ಅಂದಳು. ಮಹಾಪ್ರಯೋಗದ ಗುಮಾಸ್ತೆಯಾಗಿ ಅದನ್ನೂ ತಪ್ಪೆಂದೇ ದಾಖಲಿಸಿದೆ.

ಶುಕ್ರವಾರ ಪ್ರಬಂಧ ಒಪ್ಪಿಸದಿದ್ದರೆ ಅಕ್ಕನಿಗೆ ಒಂದು ವರ್ಷ ಲಾಸ್.

ಮಾರ್ಚ್ 27, ಬೆಳಗ್ಗೆ 8

ಚಿಕ್ಕಮ್ಮನ ಮದುವೆಯ ಮದರಂಗಿ ಒಂದು ಬೋಗುಣಿ ಉಳಿದಿತ್ತು. ಅಕ್ಕ ಬರೋಕೆ ಇನ್ನೂ ಒಂದು ಗಂಟೆ. ಹನ್ನೊಂದೂ ಮಕ್ಕಳನ್ನು ಸಾಲಾಗಿ ಕೂರಿಸಿ, ಕೈಗೆ ಮೆತ್ತಿ, ಬಟ್ಟೆ ಸುತ್ತಿ ಗಂಟು ಹಾಕಿದೆ. ಆಮೇಲೆ ಘೋಷಣೆ: "ಮಧ್ಯಾಹ್ನದೊಳಗೆ ಬಿಚ್ಚಿದರೆ ಕೆಂಪಾಗಲ್ಲ!"

ಅದೇ ದಿನ, 11

ಅಯ್ಯೋ... ಅಕ್ಕ ಬಾಗಿಲು ದಾಟುವಷ್ಟರಲ್ಲೇ ಅವಳ ಬೆನ್ನಿಗೇ ಅವಳ ಗೈಡ್, ಟ್ಯೂನಿಸ್‌ನ ಪ್ರೊಫೆಸರ್ ತಿಜಾನಿ ಬಂದರು. ಹೇಳದೆ, ಕೇಳದೆ.

"ಟಚ್‌ಸ್ಕ್ರೀನೇ ಸಲೀಸು, ಸರ್," ಅಂದಳು ಅಕ್ಕ, ಹೆಮ್ಮೆಯಿಂದ.

ಬಟ್ಟೆಯ ಗಂಟಿಗೆ ಸ್ಕ್ರೀನ್ ಮಿಸುಕಲಿಲ್ಲ. ಮೌಸ್ ಮಾತ್ರ, ಮೇಲೆ ಒತ್ತಿ ತಳ್ಳಿದರೆ, ಜಮ್ಮಂತ ಓಡಿತು.

"ಬಿಚ್ಚೇ ಯೋಸ್ರ ಕಂದಾ..." ಅಕ್ಕ ಗೋಗರೆದಳು.

"ಊಹೂಂ! ಕೆಂಪಾಗಲ್ಲ!"

ಯೋಸ್ರ ಸ್ವಲ್ಪ ಯೋಚಿಸಿದಳು. ಬಗ್ಗಿದಳು. ಮೂಗಿನಿಂದ ಮೀನು ಎಳೆದಳು. ಬುಟ್ಟಿಗೆ ಬಿತ್ತು.

"ಯಾರಮ್ಮಾ ಇದನ್ನ ಕಟ್ಟಿದ್ದು?" ಪ್ರೊಫೆಸರ್ ಕೇಳಿದರು. ಇಪ್ಪತ್ತೆರಡು ಗಂಟುಗಳು ನನ್ನ ಕಡೆ ತಿರುಗಿದವು.

ತೀರ್ಪು: ನಾಳೆ ತೊಳೆದ ಕೈಯಲ್ಲಿ ಮರುಪರೀಕ್ಷೆ. ಆಗಲೂ ಟಚ್ ಗೆಲ್ಲದಿದ್ದರೆ ಪ್ರಬಂಧ ವಾಪಸ್.

ಅಕ್ಕ ಬೈಯಲಿಲ್ಲ. ಅದೇ ಭಯ.

ಮಾರ್ಚ್ 28, 10.20

ಮಕ್ಕಳ ಕೈ ಕೆಂಪು. ಅಕ್ಕನ ಮುಖ ಬಿಳಿ. ಮೊದಲು ಟಚ್.

"ಶುರು!"

ಯೋಸ್ರ ಎರಡೂ ಕೈ ಬೆನ್ನಿಗೆ ಕಟ್ಟಿ ಮೂಗು ಇಳಿಸಿದಳು. ಅವಳ ಹಿಂದೆ ಉಳಿದ ಹತ್ತೂ ಮೂಗು.

"ಬೆರಳು, ಬೆರಳು!" ಅಕ್ಕ ಅಳೋದೊಂದು ಬಾಕಿ.

"ಮೂಗೇ ಸುಲಭ ಟೀಚರ್."

ತಪ್ಪು: ನಾಲ್ಕು. ಆಮೇಲೆ ಮೌಸ್. ಅದಕ್ಕೂ ಮೂಗು! ಅರವತ್ತಕ್ಕೆ ಎಣಿಕೆ ಬಿಟ್ಟೆ. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು.

"ಮೂಗಿಗೂ ಟಚ್ಚೇ ಸಲೀಸು. ಇನ್ನೇನು ಬೇಕು ರಿಹಾಬ್?" ಸಹಿ ಹಾಕಿದರು.

ಅಕ್ಕ ಪಾಸ್! ಈಗ ನನ್ನನ್ನೇ ಹುಡುಕುತ್ತಿದ್ದಾಳೆ. ಅಪ್ಪಿಕೊಳ್ಳೋಕೋ, ಬೇರೆ ಯಾವುದಕ್ಕೋ... ತಿಳಿಯದು. ಮೇಜಿನಡಿ ಕೂತು ಬರೆಯುತ್ತಿದ್ದೇನೆ. ಅವಳ ಪಾದಗಳು ಕಾಣುತ್ತಿವೆ. ಒಂದರಲ್ಲಿ ಚಪ್ಪಲಿ ಇದೆ. ಇನ್ನೊಂದು ಬರಿಗಾಲು. ಹಾಗಾದರೆ ಆ ಚಪ್ಪಲಿ —